ಎಷ್ಟು ಓಮ್?

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಹನ್ನೊಂದು ಕ್ಯಾಸೆಟ್‌ಗಳಿದ್ದವು. ಎಂಬತ್ತರ ದಶಕದಲ್ಲಿ ನನ್ನ ಮಾರ್ಗದರ್ಶಕರು ಹಾವೇರಿ ಸೀಮೆಯ ಭಜನಾ ಮೇಳಗಳಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದ ತತ್ವಪದಗಳು. ಶಿಶುನಾಳ ಶರೀಫರ ಹೆಸರು ಎಲ್ಲರಿಗೂ ಗೊತ್ತು. ಅವರ ಪದಗಳ ಪಕ್ಕದಲ್ಲೇ ಕೂತು, ಅಚ್ಚಾಗದೆ, ಹಾಡುಗಾರರ ಬಾಯಲ್ಲೇ ಉಳಿದ ಪದಗಳು ಇನ್ನೂ ಎಷ್ಟೋ ಇವೆ. ಅವನ್ನು ಕೇಳಿ ಬರೆದುಕೊಳ್ಳುವುದು ನನ್ನ ಪಿಎಚ್.ಡಿ.ಯ ಅರ್ಧ ಕೆಲಸ.

ಕ್ಯಾಸೆಟ್ ಡೆಕ್ ಇರುವುದು ನಮ್ಮ ಮನೆಯಲ್ಲಿ. ಅಪ್ಪ ಮೂವತ್ತು ವರ್ಷ ಮೈಕ್‌ಸೆಟ್ ಅಂಗಡಿ ನಡೆಸಿದವರು. ಮದುವೆ, ಜಾತ್ರೆ, ಚುನಾವಣೆ, ಬಯಲಾಟ ಯಾವುದಿದ್ದರೂ ತಗಡಿನ ಹಾರ್ನ್‌ಗಳನ್ನು ಎತ್ತಿನ ಗಾಡಿಯಿಂದ ಹಿಡಿದು ಟೆಂಪೋವರೆಗೆ ಎಲ್ಲದರ ಮೇಲೂ ಹೇರಿಕೊಂಡು ಹೋದವರು. ಅಂಗಡಿ ಮುಚ್ಚಿದ ಮೇಲೆ ಅವರು ಮಾರದೆ ಉಳಿಸಿಕೊಂಡದ್ದು ಎರಡೇ ವಸ್ತು: ಆ ಡೆಕ್ ಮತ್ತು ಒಂದು ಸ್ಟೀರಿಯೋ ಆಂಪ್ಲಿಫೈಯರ್. ಅದರ ಮುಖದ ಮೇಲೆ ಕಾಲು ಇಂಚಿನ ಒಂದು ತೂತು ಇದೆ, ಹೆಡ್‌ಫೋನಿಗೆಂದು.

ನಾನು ಹಾಸ್ಟೆಲಿನಿಂದ ತಂದಿದ್ದ ಹೆಡ್‌ಫೋನನ್ನು ಅದಕ್ಕೆ ಸಿಕ್ಕಿಸುವಾಗ ಅಪ್ಪ ಕೇಳಿದರು: “ಎಷ್ಟ್ ಓಮ್ ಐತಿ ಅದು?”

ನನಗೆ ಗೊತ್ತಿರಲಿಲ್ಲ. ಬಣ್ಣ, ಬೆಲೆ, ಕಿವಿಗೆ ಎಷ್ಟು ಮೆತ್ತಗಿದೆ ಎಂಬುದನ್ನು ನೋಡಿ ಕೊಂಡಿದ್ದೆ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ 32 ಎಂದಿತ್ತು. ಅಪ್ಪ “ಹೂಂ” ಎಂದರು. ಆ ಹೂಂಕಾರ ನನಗೆ ಹಿಡಿಸಲಿಲ್ಲ. ಹಾರ್ನ್ ಕಟ್ಟುವವರ ಲೆಕ್ಕ ನನ್ನ ಸಂಶೋಧನೆಗೆ ಯಾಕೆ ಎಂದುಕೊಂಡೆ.

ಎರಡು ವಾರ ಕೇಳಿದೆ, ಬರೆದೆ. ಒಂದು ಪದದಲ್ಲಿ ಹಾಡುಗಾರ ‘ಕೆರೆ’ ಎನ್ನುತ್ತಾನೆ. ಅದರ ಮೇಲೆ ನನ್ನ ಮೂರನೆಯ ಅಧ್ಯಾಯದ ನಾಲ್ಕು ಪುಟಗಳು ನಿಂತಿದ್ದವು. ಅನುಭಾವದ ಮಾತಿನೊಳಗೆ ಊರಿನ ಬತ್ತಿದ ಕೆರೆಯೊಂದು ಬಂದು ಕೂತಿದೆ, ನೆಲದ ಸಂಕಟವೇ ಇಲ್ಲಿ ರೂಪಕವಾಗಿದೆ ಎಂದು ವಾದಿಸಿದ್ದೆ. ವಿಭಾಗದ ಸೆಮಿನಾರಿನಲ್ಲಿ ಅದನ್ನು ಓದಿದಾಗ ಚಪ್ಪಾಳೆಯೂ ಬಿದ್ದಿತ್ತು. ಆದರೆ ಅಲ್ಲೇ ಒಬ್ಬರು ಕೇಳಿದ್ದರು: “ಅದು ಕೆರೆಯೇ ಹೌದೇ?” ಹೌದು ಎಂದಿದ್ದೆ. ಊರಲ್ಲಿ ಡೆಕ್‌ನಿಂದಲೇ ಮತ್ತೆ ಮತ್ತೆ ಕೇಳಿದಾಗ ಆ ಜಾಗದಲ್ಲಿ ಡಗ್ಗದ ಒಂದು ಪೆಟ್ಟು ಗುಮ್ಮೆಂದು ಬಂದು ಅಕ್ಷರವನ್ನೇ ನುಂಗುತ್ತಿತ್ತು. ನಾನು ಕೇಳುತ್ತಿದ್ದದ್ದು ‘ಎರೆ’ ಮಾತ್ರ. ಅದರ ಹಿಂದಿನ ‘ಕ್’ ನನ್ನದೇ ಇರಬಹುದು ಎಂಬ ಅನುಮಾನ ಅಂದು ಮೊದಲು ಬಂತು.

ಅಪ್ಪನ ಹತ್ತಿರ ಹೋಗಿ ‘ಗುಂಯ್ ಅಂತದ’ ಎಂದೆ. ಅವರು ಏನೂ ಹೇಳದೆ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿದರು. ಹೆಡ್‌ಫೋನ್ ತೂತಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು ರೆಸಿಸ್ಟರ್. ಕಿತ್ತಳೆ, ಕಿತ್ತಳೆ, ಕಂದು ಪಟ್ಟೆ. ಅಂದರೆ 330 ಓಮ್. ಹಳೆಯ ಆಂಪ್ಲಿಫೈಯರುಗಳಲ್ಲಿ ಹೆಡ್‌ಫೋನಿಗೆಂದು ಬೇರೆ ಸರ್ಕ್ಯೂಟ್ ಇರುವುದು ಅಪರೂಪ. ಸ್ಪೀಕರಿಗೆ ಹೋಗುವ ಶಕ್ತಿಯನ್ನೇ ಇಂಥ ರೆಸಿಸ್ಟರ್ ಅಡ್ಡವಿಟ್ಟು ತಗ್ಗಿಸಿ ಕೊಡುತ್ತಾರೆ.

ಅಪ್ಪ ಹಾಳೆಯೊಂದರ ಹಿಂದೆ ಲೆಕ್ಕ ಹಾಕಿ ತೋರಿಸಿದರು. 330 ಓಮ್ ಮತ್ತು 32 ಓಮ್ ಒಂದರ ಹಿಂದೆ ಒಂದು ನಿಂತರೆ, ಬರುವ ವೋಲ್ಟೇಜಿನಲ್ಲಿ ನನ್ನ ಹೆಡ್‌ಫೋನಿನ ಪಾಲು ನೂರಕ್ಕೆ ಒಂಬತ್ತು. ಅಷ್ಟೇ ಆಗಿದ್ದರೆ ವಾಲ್ಯೂಮ್ ತಿರುಗಿಸಿದರೆ ಮುಗಿಯುತ್ತಿತ್ತು. ಆದರೆ ಇಂಪೀಡೆನ್ಸ್ ಎಂಬುದು ಒಂದೇ ಅಂಕಿಯಲ್ಲ. ಡಬ್ಬಿಯ ಮೇಲೆ ಬರೆಯುವುದು ಸಾಮಾನ್ಯವಾಗಿ 1000 ಹರ್ಟ್ಸ್‌ನಲ್ಲಿ ಅಳೆದದ್ದು. ಸುರುಳಿಯಿರುವ ಹೆಡ್‌ಫೋನುಗಳಲ್ಲಿ ಪರದೆ ತನ್ನಷ್ಟಕ್ಕೆ ಅನುರಣಿಸುವ ಕೆಳಗಿನ ಆವರ್ತನಗಳ ಹತ್ತಿರ ಅದು ಏರುತ್ತದೆ. ಅಲ್ಲಿ 32 ಇದ್ದದ್ದು 64 ಆಯಿತೆಂದುಕೊಳ್ಳಿ. ಪಾಲು ನೂರಕ್ಕೆ ಹದಿನಾರಾಗುತ್ತದೆ. ಅಂದರೆ ಡಗ್ಗಕ್ಕೆ ಮಾತ್ರ ಸುಮಾರು ಐದು ಡೆಸಿಬೆಲ್ ಹೆಚ್ಚು ಬಡಿಸಿದಂತೆ. ಕೆಳಗಿನ ಸದ್ದು ಜೋರಾದರೆ ಮೇಲಿನ ಸಣ್ಣ ಸದ್ದುಗಳನ್ನು ಮುಚ್ಚಿಬಿಡುವುದು ಕಿವಿಯ ಸ್ವಭಾವ. ವ್ಯಂಜನಗಳು ಬದುಕುವುದೇ ಆ ಸಣ್ಣ ಸದ್ದುಗಳಲ್ಲಿ.

ಇದಕ್ಕೊಂದು ಬಳಕೆಯ ನಿಯಮವಿದೆ: ಆಂಪ್ಲಿಫೈಯರಿನ ಕಡೆಯ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟರಲ್ಲೊಂದು ಭಾಗವನ್ನು ಮೀರಬಾರದು. 330ರ ಎಂಟು ಪಟ್ಟು 2640. ಅಂಥ ಹೆಡ್‌ಫೋನನ್ನು ನಾನಂತೂ ಅಂಗಡಿಯಲ್ಲಿ ಕಂಡಿಲ್ಲ. ಆದರೂ ಹೆಚ್ಚು ಓಮ್ ಇದ್ದರೆ ಇದ್ದುದರಲ್ಲಿ ವಾಸಿ ಎಂದು ಹುಡುಕಿದೆ. ಸೆನ್‌ಹೈಸರ್ ಎಚ್‌ಡಿ 600 ಎಂಬುದು 300 ಓಮ್. ಬೆಲೆ ನನ್ನ ಫೆಲೋಶಿಪ್ಪಿಗೆ ದೂರ. ಬೆಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ಒಂದೇ ಮಾದರಿಯಾದರೂ 32, 80, 250 ಓಮ್‌ಗಳಲ್ಲಿ ಬಂದಿದೆ. ಅಂಕಿ ದೊಡ್ಡದಾದರೆ ಗುಣ ಹೆಚ್ಚು ಎಂದು ನಾನು ತಿಳಿದಿದ್ದೆ. ಹಾಗೇನಿಲ್ಲ. ತೆಳು ತಂತಿ, ಹೆಚ್ಚು ಸುತ್ತು; ಅದಕ್ಕೆ ಬೇಕಾದದ್ದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. ಒಂದು ಮಿಲಿವ್ಯಾಟ್ ಕೊಡಲು 32 ಓಮ್‌ಗೆ 0.18 ವೋಲ್ಟ್ ಸಾಕು, 250 ಓಮ್‌ಗೆ 0.5 ವೋಲ್ಟ್ ಬೇಕು. ಮೊಬೈಲಿನಲ್ಲೇ ಕೇಳುವವರು ಸಣ್ಣ ಅಂಕಿಯದನ್ನೇ ಕೊಳ್ಳುವುದು ಜಾಣತನ. ಮನೆಯ ಆಂಪ್ಲಿಫೈಯರಿಗೆ ವೋಲ್ಟೇಜಿನ ಬರವಿಲ್ಲ. ಯಾರೋ ಬಳಸಿ ಬಿಟ್ಟ 250 ಓಮ್‌ನ ಒಂದು ಜೊತೆಯನ್ನು ತರಿಸಿದೆ.

ಅದು ಬರುವಷ್ಟರಲ್ಲಿ ಅಪ್ಪ ಇನ್ನೊಂದು ಕೆಲಸ ಮಾಡಿದ್ದರು. ಸ್ಪೀಕರಿನ ಎಡ ಬಲ ಎರಡು ಮೈನಸ್ ತುದಿಗಳೂ ಒಂದೇ ನೆಲಕ್ಕೆ ಸೇರಿವೆಯೇ ಎಂದು ಮೀಟರಿನಲ್ಲಿ ಖಾತ್ರಿ ಮಾಡಿಕೊಂಡು, ಅಲ್ಲಿಂದ ತಂತಿ ಎಳೆದು, ಒಂದೊಂದು ಕಡೆಗೆ 100 ಓಮ್ ಅಡ್ಡ, 10 ಓಮ್ ನೆಲಕ್ಕೆ ಇಟ್ಟು, ಹಳೆಯ ಊಟದ ಡಬ್ಬಿಯೊಂದರಲ್ಲಿ ಬೆಸುಗೆ ಹಾಕಿದ್ದರು. ಈಗ ಹೆಡ್‌ಫೋನಿಗೆ ಕಾಣುವುದು 330 ಅಲ್ಲ, ಸುಮಾರು 9 ಓಮ್.

ಸಂಜೆ ಕೇಳಿದೆ. ಡಗ್ಗ ತನ್ನ ಜಾಗಕ್ಕೆ ಹೋಗಿ ಕೂತಿತ್ತು. ಹಾಡುಗಾರ ಹೇಳಿದ್ದು ‘ತೆರೆ’.

ನನ್ನ ಕಿವಿಯನ್ನು ನಂಬದೆ, ಏನೂ ಹೇಳದೆ ಆ ತುಣುಕನ್ನು ಇಬ್ಬರು ಗೆಳತಿಯರಿಗೆ ಕಳಿಸಿ, ಕೇಳಿದ್ದನ್ನು ಬರೆಯಿರಿ ಎಂದೆ. ಇಬ್ಬರೂ ‘ತೆರೆ’ ಎಂದು ಬರೆದರು. ಆಮೇಲೆ ಹಟಕ್ಕೆ ನನ್ನ ಹಳೆಯ 32 ಓಮ್‌ನದನ್ನೂ ಅದೇ ಡಬ್ಬಿಗೆ ಸಿಕ್ಕಿಸಿದೆ. ಅದೂ ‘ತೆರೆ’ ಎಂದೇ ಹೇಳಿತು. ತಪ್ಪು ಹೆಡ್‌ಫೋನಿನದಾಗಿರಲಿಲ್ಲ. ಖರ್ಚು ಮಾಡಿದ ಹಣ ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾಲ್ಕು ಪುಟ ತೆಗೆದುಹಾಕುತ್ತಿದ್ದೇನೆ ಎಂದು ಮಾರ್ಗದರ್ಶಕರಿಗೆ ಅದೇ ರಾತ್ರಿ ಬರೆದೆ.

ಈ ಗೆಲುವು ಅಪ್ಪನದು. ಅದಕ್ಕೆ ಅವರಿಗೇ ಕೇಳಿಸಬೇಕೆಂದು ಹೆಡ್‌ಫೋನ್ ತೊಡಿಸಿದೆ. ಮೊದಲು ಹಳೆಯ ತೂತಿನಿಂದ, ನಂತರ ಡಬ್ಬಿಯಿಂದ. ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕು ಎಂದರು. ಕೊನೆಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು, “ಎರಡೂ ಒಂದ ಕೇಳಸ್ತಾವಲ್ಲವಾ” ಎಂದರು.

ಎಷ್ಟೋ ವರ್ಷಗಳಿಂದ ಅವರು ಫೋನಿನಲ್ಲಿ “ಏನು? ಏನಂದಿ?” ಎನ್ನುತ್ತಿದ್ದರು. ಲಕ್ಷ್ಯವಿಲ್ಲ ಎಂದು ನಾನು ಸಿಡುಕಿ ಮಾತು ತುಂಡು ಮಾಡುತ್ತಿದ್ದೆ. ಮೂವತ್ತು ವರ್ಷ ಹಾರ್ನ್‌ಗಳ ಬಾಯ ಮುಂದೆ ನಿಂತ ಮನುಷ್ಯ.

ಮರುವಾರ ಕಿವಿಯ ಪರೀಕ್ಷೆಗೆ ಕರೆದುಕೊಂಡು ಹೋದೆ. ಕಾಗದದ ಮೇಲಿನ ಗೆರೆ ಕೆಳ ಆವರ್ತನಗಳಲ್ಲಿ ನೆಟ್ಟಗೆ ನಡೆದು, 4000 ಹರ್ಟ್ಸ್ ಹತ್ತಿರ ಬಾವಿಗೆ ಇಳಿದಂತೆ ಇಳಿದಿತ್ತು. ದೊಡ್ಡ ಸದ್ದಿನಲ್ಲಿ ದುಡಿದವರ ಗೆರೆ ಬಹುಮಟ್ಟಿಗೆ ಅಲ್ಲೇ ಇಳಿಯುತ್ತದಂತೆ. ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರುತ್ತವೆ ಎಂದು ಪರೀಕ್ಷೆ ಮಾಡಿದ ಹುಡುಗಿ ವಿವರಿಸಿದಳು. ಅಪ್ಪ ತಲೆಯಾಡಿಸುತ್ತಿದ್ದರು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಆಮೇಲೆ ಮೇಜಿನ ಮೇಲಿದ್ದ ಪರೀಕ್ಷೆಯ ಹೆಡ್‌ಫೋನನ್ನು ಎತ್ತಿ ತಿರುಗಿಸಿ ನೋಡಿ, ಅವಳನ್ನು ಕೇಳಿದರು:

“ಇದು ಎಷ್ಟ್ ಓಮ್ ಐತವಾ?”