ಬಾಗಿಲ ಬೆನ್ನಿನ ಹಲಗೆ

ಅಪ್ಪನ ಅಂಬಾಸಿಡರಿನ ಬಾಗಿಲ ಒಳಹೊದಿಕೆ ಕಾಸರಗೋಡಿನ ಮಳೆಗೆ ಉಬ್ಬಿತು. ರೆಕ್ಸಿನ್ ಬಿಚ್ಚಿದರೆ, ಅವರೇ ಕತ್ತರಿಸಿ ಕೂರಿಸಿದ್ದ ಹಾರ್ಡ್‌ಬೋರ್ಡು ನೆನೆದ ಹಪ್ಪಳ. ಗಾಜಿನ ಸಂದಿನಲ್ಲಿ ಇಳಿದ ನೀರು ಬಾಗಿಲಡಿಯ ತೂತುಗಳಿಂದ ಹೊರಹೋಗಬೇಕು. ತೂತುಗಳಲ್ಲಿ ಮಣ್ಣು ಕಟ್ಟಿತ್ತು.

ಹಾರ್ಡ್‌ಬೋರ್ಡು ಅಗ್ಗ, ಸುಲಭವಾಗಿ ಬಾಗುತ್ತದೆ. ಆದರೆ ನೀರು ಕುಡಿಯುತ್ತದೆ. ಪ್ಲಾಸ್ಟಿಕ್ ಹಾಳೆ ನೆನೆಯದು, ಮೊಳೆಪಿನ್ನು ಹಿಡಿಯದು. ಕೊನೆಗೆ 4 ಮಿ.ಮೀ. ಮೆರೈನ್ ಪ್ಲೈವುಡ್ಡೇ ಸರಿ ಎಂದುಕೊಂಡೆ. ಅಳತೆಗೆ ಹಳೆಯದನ್ನು ಮಗುಚಿದಾಗ ಅಪ್ಪನ ಪೆನ್ಸಿಲ್ ಅಕ್ಷರ: ‘ಎಡ ಮುಂದೆ’.

“ಇದೆಂತ ಅಪ್ಪಾ?” ಎಂದ, ಮಲಯಾಳ ಮಾಧ್ಯಮದಲ್ಲಿ ಕಲಿಯುವ ಮಗ. ಅವನ ಅಜ್ಜನ ಕೈಬರಹ ಅವನಿಗೆ ಬರಿಯ ಗೆರೆ! ಓದಿ ಹೇಳಿದೆ. ಹೊಸ ಹಲಗೆಯ ಮೇಲೆ ಅವನ ಕೈಯಿಂದಲೇ ಬರೆಸಿದೆ. ‘ಡ’ ತುಸು ವಾರೆಯಾಯಿತು. ತಿದ್ದಲಿಲ್ಲ, ಅಂಚಿನವರೆಗೂ ವಾರ್ನಿಷ್ ಬಳಿದೆವು, ನೀರು ತಾಗದಂತೆ.