ಜೇಬಿನ ಚಾಕುವಿಗೆ ಹಲ್ಲು ಬೇಕೆ?

ಮಡಚುವ ಚಾಕು ಕೊಳ್ಳಲು ಹೊರಟವರು ಹಿಡಿಯ ಬಣ್ಣ ನೋಡುತ್ತಾರೆ, ಯಾವ ಉಕ್ಕು ಎಂದು ಕೇಳುತ್ತಾರೆ, ಬಿಚ್ಚಿದರೆ ‘ಟಕ್’ ಎಂದು ಕೂರುತ್ತದೋ ಇಲ್ಲವೋ ಎಂದು ಮತ್ತೆ ಮತ್ತೆ ಬಿಚ್ಚಿ ಮಡಚುತ್ತಾರೆ. ಬಾಯಿ ನೋಡುವವರು ಕಡಿಮೆ. ಹೆಚ್ಚೆಂದರೆ ಹೆಬ್ಬೆರಳನ್ನು ಅಡ್ಡಡ್ಡ ಸವರಿ “ಹರಿತ ಇದೆ ಬಿಡಿ” ಎನ್ನುತ್ತಾರೆ. ಹೊಸ ಚಾಕು ಹರಿತವಾಗಿರದೆ ಇನ್ನೇನು? ಆರು ತಿಂಗಳ ಮೇಲೆ ಅದರ ಗತಿ ಏನು ಎನ್ನುವುದೇ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಬಾಯಿಗಳು ಮೂರೇ: ಉದ್ದಕ್ಕೂ ಸಪಾಟಾದದ್ದು, ಉದ್ದಕ್ಕೂ ಹಲ್ಲು ಕೊರೆದದ್ದು, ಅರ್ಧ ಅದು ಅರ್ಧ ಇದು. ಆರಿಸುವುದು ಸುಲಭ ಎಂದು ಕಾಣುತ್ತದೆ, ಅದಕ್ಕೇ ಯಾರೂ ಆರಿಸುವುದಿಲ್ಲ. ಕೈಗೆ ಸಿಕ್ಕಿದ್ದನ್ನು ತರುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಈ ಚರ್ಚೆ ಎಂದೋ ಮುಗಿದುಹೋಗಿದೆ. ಭತ್ತ, ರಾಗಿ, ಹುಲ್ಲು ಕೊಯ್ಯುವ ಕುಡುಗೋಲಿಗೆ ಎಷ್ಟೋ ಕಡೆ ಸಣ್ಣ ಸಣ್ಣ ಹಲ್ಲು ಇರುತ್ತದೆ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಬಹಳ, ಸಪಾಟು ಬಾಯಿಯನ್ನು ಬೇಗ ತಿಂದುಹಾಕುತ್ತದೆ. ಎಡಗೈ ತುಂಬ ಬುಡ ಹಿಡಿದು ಬಲಗೈಯಿಂದ ಎಳೆದಾಗ ಅಲಗು ಜಾರಲೂಬಾರದು. ಅದೇ ಮನೆಯ ಅಡಿಗೆಕೋಣೆಯ ಈಳಿಗೆಮಣೆಗೆ ಹಲ್ಲಿಲ್ಲ. ಬೀನ್ಸು ಸಣ್ಣಗೆ ಹೆಚ್ಚಬೇಕು, ಸೌತೆಕಾಯಿ ಬಿಲ್ಲೆ ಒಂದೇ ದಪ್ಪಕ್ಕೆ ಬೀಳಬೇಕು. ಆದರೆ ಈಳಿಗೆಯ ತುದಿ ನೋಡಿ, ಅಲ್ಲಿ ಕಾಯಿ ತುರಿಯುವ ಹಲ್ಲಿನ ಬಿಲ್ಲೆ ಕೂತಿದೆ. ಒಂದೇ ಮಣೆಯ ಮೇಲೆ ಎರಡೂ ಇವೆ, ಒಂದರ ಜಾಗವನ್ನು ಇನ್ನೊಂದು ಕಸಿದುಕೊಂಡಿಲ್ಲ. ಇದನ್ನು ಮಾಡಿದ ಕಮ್ಮಾರ ಅರ್ಧರ್ಧ ಬಾಯಿಯ ಚಾಕು ಕಂಡಿದ್ದರೆ ನಗುತ್ತಿದ್ದ ಎಂದು ನನ್ನ ಊಹೆ.

ಜೇಬಿನ ಚಾಕುವಿಗೆ ಹಲ್ಲು ಹುಟ್ಟಿದ್ದು ತಡವಾಗಿ. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ರೂಪಿಸಿದ ರೈತರ ಚಾಕು ಸಪಾಟು ಬಾಯಿಯದು. ಮರದ ಹಿಡಿ, ಒಂದೇ ಅಲಗು, ಇಷ್ಟೇ. ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗು ಉಂಗುರ ಕೂಡ ಬಂದದ್ದು 1955ರಲ್ಲಿ. ಸ್ವಿಟ್ಜರ್ಲೆಂಡಿನ ಈಬಾಖ್ ಊರಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಚಾಕು ಒದಗಿಸಲು ಶುರುಮಾಡಿದಾಗಲೂ ಹಲ್ಲಿನ ಮಾತಿರಲಿಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಕೊಲರಾಡೊದ ಸ್ಪೈಡರ್ಕೊ ಕಂಪನಿ ಅಲಗಿಗೊಂದು ತೂತು, ಜೇಬಿಗೆ ಸಿಕ್ಕಿಸಲೊಂದು ಕ್ಲಿಪ್ಪು, ಅಂಚಿಗೆ ಹಲ್ಲು ಇಟ್ಟು ಮಾರಿದ ಮೇಲೆ ಗಾಳಿ ತಿರುಗಿತು. ಅದರ ಮೊದಮೊದಲ ಹಲ್ಲಿನ ಮಾದರಿಯೊಂದರ ಹೆಸರೇ ‘ಮ್ಯಾರಿನರ್’. ಹಗ್ಗದ ಜೊತೆ ಹೆಣಗುವ ನಾವಿಕರು ಕಣ್ಣ ಮುಂದಿದ್ದರು. ಕೊನೆಗೆ ಸ್ವಿಸ್ ಸೈನ್ಯವೂ 2008ರ ಹೊಸ ಚಾಕುವಿನಲ್ಲಿ ಹಲ್ಲಿನ ಅಲಗಿಗೆ ಒಪ್ಪಿತು. ಸಿಪಾಯಿ ಬೆಟ್ಟದ ಮೇಲೆ ಕೂತು ಸಾಣೆಕಲ್ಲು ಉಜ್ಜುವುದಿಲ್ಲ ಎನ್ನುವುದು ಯಾರಿಗಾದರೂ ಹೊಳೆದಿರಬೇಕು.

ಹಲ್ಲು ಕೆಲಸ ಮಾಡುವ ಬಗೆ ಸರಳ. ಕೈಯ ಭಾರವೆಲ್ಲ ಮೊನೆಗಳ ಮೇಲೆ ಬೀಳುತ್ತದೆ, ಮೊನೆ ಎಳೆಯನ್ನು ಕಚ್ಚಿ ಹಿಡಿಯುತ್ತದೆ, ಎಳೆದಂತೆ ನಡುವಿನ ಕೊಳಗಳು ಕೊಯ್ಯುತ್ತವೆ. ತಟ್ಟೆಗೋ ಹಲಗೆಗೋ ತಾಗುವುದು ಮೊನೆ ಮಾತ್ರ, ಕೊಳದೊಳಗಿನ ಅಂಚು ಪೆಟ್ಟು ತಿನ್ನುವುದಿಲ್ಲ. ಅದಕ್ಕೇ ಹಲ್ಲಿನ ಚಾಕು ವರ್ಷಗಟ್ಟಲೆ ಆರೈಕೆಯಿಲ್ಲದೆ ದುಡಿಯುತ್ತದೆ. ನನ್ನ ಷಡ್ಡಕರೊಬ್ಬರು ಲಾರಿ ಬುಕಿಂಗ್ ಆಫೀಸು ಇಟ್ಟಿದ್ದಾರೆ. ಬೆಳಗಿನಿಂದ ಸಂಜೆವರೆಗೆ ನೈಲಾನ್ ಹಗ್ಗ, ಟಾರ್ಪಾಲಿನ ಅಂಚು, ಪೆಟ್ಟಿಗೆಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ.

“ಇದಕ್ಕೆ ಸಾಣೆ ಹಿಡಿಸಿ ಎಷ್ಟು ದಿನ ಆಯ್ತು?” ಎಂದು ಕೇಳಿದೆ.

“ಸಾಣೆ ಯಾಕ್ರೀ? ಕುಯ್ತಾ ಇದೆಯಲ್ಲ!” ಎಂದರು.

ಅವರಿಗೆ ಅದೇ ಸರಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆಪತ್ತಿಗೆಂದು ಚಾಕು ಇಡುವವರಿಗೂ ಅದೇ ಸರಿ. ಸಿಕ್ಕಿಕೊಂಡ ಸೀಟ್ ಬೆಲ್ಟಿನ ಮುಂದೆ ಮೊಂಡು ಬಿದ್ದ ಸಪಾಟು ಬಾಯಿ ನಿಷ್ಪ್ರಯೋಜಕ.

ಅದೇ ಚಾಕುವಿನಲ್ಲಿ ಒಂದು ಸೀಬೆಹಣ್ಣು ಕೊಯ್ದು ನೋಡಿ. ಹಲ್ಲನ್ನು ಸಾಮಾನ್ಯವಾಗಿ ಅಲಗಿನ ಒಂದೇ ಮಗ್ಗುಲಿನಿಂದ ಕೊರೆದಿರುತ್ತಾರೆ, ಇನ್ನೊಂದು ಮಗ್ಗುಲು ಚಪ್ಪಟೆ. ಹಾಗಾಗಿ ಅಲಗು ಹಣ್ಣಿನೊಳಗೆ ನೆಟ್ಟಗೆ ಇಳಿಯದೆ ಒಂದು ಕಡೆಗೆ ವಾಲುತ್ತದೆ. ಮೇಲೆ ತೆಳ್ಳಗೆ ಶುರುವಾದ ಹೋಳು ಕೆಳಗೆ ಬರುವಾಗ ದಪ್ಪವಾಗಿರುತ್ತದೆ, ಕೊಯ್ದ ಮುಖದ ಮೇಲೆ ಉಳುಮೆಯ ಗೆರೆ ಬೇರೆ. ಮಾವಿನಹಣ್ಣಾದರೆ ರಸವೆಲ್ಲ ಮೊಣಕೈಗೆ.

ಸಪಾಟು ಬಾಯಿಯ ಬೆಲೆ ಗೊತ್ತಾಗಬೇಕಾದರೆ ಕಸಿ ಕಟ್ಟುವವರ ಕೈ ನೋಡಬೇಕು. ಅವರ ಚಾಕು ಕೂಡ ಜೇಬಿನಲ್ಲಿ ಮಡಚಿಡುವಂಥದ್ದೇ. ಅಲಗಿನ ಒಂದು ಮುಖ ಪೂರ್ತಿ ಚಪ್ಪಟೆ, ಇನ್ನೊಂದರಲ್ಲಿ ಮಾತ್ರ ಇಳಿಜಾರು, ಹಲ್ಲಿನ ಸುಳಿವಿಲ್ಲ. ಮಾವಿನದೋ ಗೇರಿನದೋ ಕಸಿಕಡ್ಡಿಯನ್ನು ಎರಡು ಎಳೆತದಲ್ಲಿ ಬೆಣೆಯಾಕಾರಕ್ಕೆ ಕೆತ್ತಿ, ಸಸಿಯ ಎಳೆ ಕಾಂಡ ಸೀಳಿ, ಅದರಲ್ಲಿ ಇಳಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ತೊಗಟೆಯ ಕೆಳಗೆ ಕ್ಯಾಂಬಿಯಂ ಎಂಬ ತೆಳ್ಳನೆಯ ಹಸಿರು ಪದರ ಇದೆ. ಎರಡು ಗಿಡಗಳ ಆ ಪದರ ಒಂದಕ್ಕೊಂದು ತಾಗಿದರೆ ಕಸಿ ಕೂಡುತ್ತದೆ, ನಡುವೆ ಎಳೆ ಕಿತ್ತು ಸಂದು ಉಳಿದರೆ ಕಡ್ಡಿ ಒಣಗುತ್ತದೆ. ಹಲ್ಲಿನ ಅಲಗು ಎಷ್ಟೇ ಹರಿತವಿರಲಿ, ಕಿತ್ತೇ ಕೊಯ್ಯುವುದು. ಕೆತ್ತಿದ ಕಡ್ಡಿಯ ಮುಖ ಬೆಳಕಿಗೆ ಹಿಡಿದರೆ ಹೊಳೆಯಬೇಕು. ಮಂಕಾಗಿ ಕಂಡರೆ ಕಸುಬು ಬಲ್ಲವರು ಅದನ್ನು ಬಿಸಾಡಿ ಇನ್ನೊಂದು ಕಡ್ಡಿ ತೆಗೆದುಕೊಳ್ಳುತ್ತಾರೆ.

ಇನ್ನು ಅರ್ಧರ್ಧ ಬಾಯಿ. ಎರಡೂ ಇದ್ದರೆ ಒಳ್ಳೆಯದಲ್ಲವೇ ಎನ್ನುತ್ತೀರಿ. ಅಣ್ಣತಮ್ಮಂದಿರ ಜಗಳ ಬಿಡಿಸಲು ಮೂವತ್ತು–ನಲವತ್ತರ ಸೈಟನ್ನು ನಡುವೆ ಗೆರೆ ಎಳೆದು ಹಂಚಿದ ಹಾಗೆ ಅದು, ಇಬ್ಬರಿಗೂ ಮನೆ ಕಟ್ಟಲು ಜಾಗ ಸಾಲದು. ಜೇಬಿನ ಚಾಕುವಿನ ಅಲಗೇ ಏಳೆಂಟು ಸೆಂಟಿಮೀಟರು. ಹಗ್ಗ ಕೊಯ್ಯಲು ಉದ್ದನೆಯ ಎಳೆತ ಬೇಕು, ಅರ್ಧದಲ್ಲೇ ಹಲ್ಲು ಮುಗಿಯುತ್ತದೆ. ಅದಕ್ಕಿಂತ ದೊಡ್ಡ ತಪ್ಪು ಹಲ್ಲು ಕೂರಿಸಿದ ಜಾಗ. ಬಹುತೇಕ ಚಾಕುಗಳಲ್ಲಿ ಅದು ಹಿಡಿಯ ಪಕ್ಕದಲ್ಲೇ ಇರುತ್ತದೆ. ಗೂಟ ಕೆತ್ತುವಾಗ, ಪೆನ್ಸಿಲ್ ಹೆರೆಯುವಾಗ, ಗಟ್ಟಿ ರಟ್ಟು ಸೀಳುವಾಗ ಕೈಯ ಬಲ ಸಿಗುವುದು ಹಿಡಿಯ ಪಕ್ಕದಲ್ಲಿ, ಸಪಾಟು ಅಂಚು ಇರಬೇಕಾದದ್ದು ಅಲ್ಲಿಯೇ. ಈ ಬಗೆಯ ಚಾಕು ನನ್ನ ಲೆಕ್ಕಕ್ಕೆ ಬರುವುದೇ ಇಲ್ಲ.

ಉಳಿದ ಎರಡರಲ್ಲಿ ಯಾವುದು ಎಂದರೆ, ಏನು ಕೊಯ್ಯುತ್ತೀರಿ ಎಂದು ನಾನು ಕೇಳುವುದಿಲ್ಲ. ಎಲ್ಲರೂ ಕೊಯ್ಯುವುದು ಅದೇ ಸುತಲಿ ದಾರ, ಅದೇ ಕೊರಿಯರ್ ಪೆಟ್ಟಿಗೆ, ಅದೇ ಹಣ್ಣು. ಮಸೆಯುವವರು ಯಾರು ಎಂದು ಕೇಳುತ್ತೇನೆ. ಬೀದಿಯಲ್ಲಿ ಸೈಕಲ್ ನಿಲ್ಲಿಸಿಕೊಂಡು ಪೆಡಲ್ ತುಳಿದು ಸಾಣೆ ಹಿಡಿಯುವವರೊಬ್ಬರ ಮುಂದೆ ಷಡ್ಡಕರ ಚಾಕು ಚಾಚಿದೆ. ಅವರು ಅಲಗನ್ನು ಹೊರಳಿಸಿ ನೋಡಿ ಮಡಚಿ ವಾಪಸು ಕೊಟ್ಟರು: “ಚಕ್ರಕ್ಕೆ ಕೊಟ್ರೆ ಹಲ್ಲೆಲ್ಲ ತೇದುಹೋಗ್ತದೆ ಸ್ವಾಮಿ, ಆಮೇಲೆ ನನ್ನ ಮೇಲೆ ಹೇಳ್ತೀರಿ. ಕತ್ತರಿ ಇದ್ರೆ ತನ್ನಿ.” ನಿಜವೇ. ಹಲ್ಲಿಗೆ ಬೇಕಾದದ್ದು ಸಣ್ಣ ದುಂಡು ಕಡ್ಡಿ, ಇಲ್ಲವೇ ಮೂರು ಮೂಲೆಯ ಸೆರಾಮಿಕ್ ಕಡ್ಡಿಯ ಅಂಚು. ಒಂದೊಂದು ಕೊಳಕ್ಕೂ ಬೇರೆ ಬೇರೆಯಾಗಿ, ಇಳಿಜಾರಿನ ಕಡೆಯಿಂದ ಮಾತ್ರ ಉಜ್ಜಬೇಕು. ಆಮೇಲೆ ಚಪ್ಪಟೆ ಕಡೆಗೆ ಮಡಚಿಕೊಂಡ ಲೋಹದ ಎಳೆಯನ್ನು ಒಮ್ಮೆ ಹಗುರವಾಗಿ ಸವರಿ ತೆಗೆಯಬೇಕು. ಅಷ್ಟು ತಾಳ್ಮೆ ಇರುವವರಿಗೆ ಹಲ್ಲಿನ ಚಾಕುವೇ ಬೇಕಿಲ್ಲ.

ನಾನು ಸಪಾಟು ಬಾಯಿಯ ಕಡೆಯವನು, ಒಂದು ತಿದ್ದುಪಡಿಯೊಂದಿಗೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಪಾಟು ಎನ್ನುವ ಅಂಚೂ ಸಪಾಟಲ್ಲ, ಕಲ್ಲಿನ ಕಣಗಳು ಗೀಚಿದ ಪುಟ್ಟ ಪುಟ್ಟ ಹಲ್ಲುಗಳ ಸಾಲು. ನಯವಾದ ಕಲ್ಲಿನಲ್ಲಿ ಮಸೆದಷ್ಟೂ ಆ ಹಲ್ಲು ಸಣ್ಣದಾಗುತ್ತದೆ. ಕ್ಷೌರಕ್ಕೆ ಅದು ಬೇಕು, ಕಸಿಗೂ ಬೇಕು. ಕನ್ನಡಿಯಂತೆ ಹೊಳೆಯಿಸಿದ ಅದೇ ಬಾಯಿ ಟೊಮೆಟೊ ಸಿಪ್ಪೆಯ ಮೇಲೆ ಜಾರುವುದುಂಟು, ಹಗ್ಗದ ಮೇಲಂತೂ ಸುಮ್ಮನೆ ಓಡಾಡುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮುಖ ಒರಟು, ಒಂದು ಮುಖ ನಯ ಇರುವ ಕಲ್ಲು ಸಿಗುತ್ತದಲ್ಲ, ಅದರ ಒರಟು ಮುಖದಲ್ಲಿ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಓರೆ ಹಿಡಿದು ಮಸೆಯಿರಿ. ನಯ ಮುಖದಲ್ಲಿ ನಾಲ್ಕಾರು ಎಳೆತ ಎಳೆದು ಅಲ್ಲಿಗೇ ನಿಲ್ಲಿಸಿ. ಹಣ್ಣಿನ ಹೋಳು ನೆಟ್ಟಗೆ ಬರುತ್ತದೆ, ಸುತಲಿಯನ್ನೂ ಕಚ್ಚುತ್ತದೆ.

ಪ್ರಯಾಣದಲ್ಲಿ ಕಲ್ಲಿಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪು ಹಚ್ಚದ ಒರಟು ಬಳೆಯೊಂದು ಇರುತ್ತದೆ, ಅದರ ಮೇಲೆ ಎರಡೂ ಬದಿ ಎಳೆದರೆ ದಿನದ ಕೆಲಸಕ್ಕೆ ಸಾಕಾಗುವಷ್ಟು ಬಾಯಿ ಬರುತ್ತದೆ. ಬಳೆಯ ಮೇಲೆ ಉಕ್ಕಿನ ಕಪ್ಪು ಗೆರೆ ಉಳಿಯುತ್ತದೆ. ನೆಂಟರ ಮನೆಯ ಕಪ್ಪಾದರೆ ಪಾತ್ರೆ ಬೆಳಗುವ ಪುಡಿ ಹಾಕಿ ಉಜ್ಜಿಡುವುದು ಒಳ್ಳೆಯದು, ಹೋಗುತ್ತದೆ.