ಬೊಂಬೆ ಊರಿನಲ್ಲಿ ತಿರುಗುವ ಪಾಠ

ಬೆಂಗಳೂರಿನಿಂದ ಮೈಸೂರಿಗೆ ಪ್ರವಾಸ ಹೊರಟ ಶಾಲಾ ಬಸ್ಸುಗಳು ಮೊದಲು ಚನ್ನಪಟ್ಟಣದಲ್ಲಿ ಒಮ್ಮೆ ನಿಲ್ಲುವುದು ವಾಡಿಕೆಯಾಗಿತ್ತು. ಹೆದ್ದಾರಿಯ ಪಕ್ಕದಲ್ಲೇ ಬೊಂಬೆ ಅಂಗಡಿಗಳು. ಮಕ್ಕಳು ಹತ್ತು ನಿಮಿಷ ಗದ್ದಲವೆಬ್ಬಿಸಿ, ಒಂದು ಬುಗುರಿಯನ್ನೋ ತಲೆಯಾಡಿಸುವ ಬೊಂಬೆಯನ್ನೋ ಹಿಡಿದು ಬಸ್ಸು ಹತ್ತುತ್ತಿದ್ದರು. 2023ರ ಮಾರ್ಚ್‌ನಲ್ಲಿ ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದು ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಮೈಸೂರು ಬೇಗ ಸಿಗುತ್ತದೆ, ನಿಜ. ಹಳೆಯ ರಸ್ತೆಯ ಅಂಗಡಿಗಳವರು ಮಾತ್ರ ವ್ಯಾಪಾರ ಕುಸಿಯಿತೆಂದು ಕೈಚೆಲ್ಲಿದ್ದಾರೆ.

ಆದರೆ ಆ ಹತ್ತು ನಿಮಿಷದ ನಿಲುಗಡೆಯಲ್ಲೂ ಮಕ್ಕಳು ಊರನ್ನು ನೋಡುತ್ತಿದ್ದುದು ಅಷ್ಟರಲ್ಲೇ. ಅಂಗಡಿಯಲ್ಲಿ ಇರುವುದು ಬೊಂಬೆ. ಬೊಂಬೆ ಆಗುವ ಬಗೆ ಒಳಗಿನ ಓಣಿಗಳಲ್ಲಿದೆ.

ಓಣಿಗೆ ಕಾಲಿಟ್ಟರೆ ಲೇತ್ ಯಂತ್ರದ ಗುಂಯ್‌ಗುಟ್ಟುವಿಕೆ ಕೇಳುತ್ತದೆ. ಒಳಗೆ ಹೋದರೆ ಮರದ ಹೊಟ್ಟು, ಬಿಸಿ ಅರಗಿನ ವಾಸನೆ. ಯಂತ್ರದಲ್ಲಿ ಸಿಕ್ಕಿಸಿದ ತುಂಡು ಗರಗರನೆ ತಿರುಗುತ್ತಿರುತ್ತದೆ. ಕೆಲಸಗಾರ ಉಳಿಯನ್ನು ಅದಕ್ಕೆ ಮುಟ್ಟಿಸಿದೊಡನೆ ಬಿಳಿಯ ಸುರುಳಿಗಳು ಹಾರಿ ಬೀಳುತ್ತವೆ. ಕಣ್ಣೆದುರೇ ಒಂದು ಕತ್ತು, ಒಂದು ಹೊಟ್ಟೆ, ಒಂದು ಟೋಪಿ ಮೂಡುತ್ತವೆ. ಹಿಂದೆ ವಿದ್ಯುತ್ತಿಲ್ಲದಾಗ ಬಿಲ್ಲಿನಂಥ ಕೋಲಿನ ಹಗ್ಗವನ್ನು ಮರಕ್ಕೆ ಸುತ್ತಿ, ಒಂದು ಕೈಯಿಂದ ಹಿಂದೆ ಮುಂದೆ ಎಳೆಯುತ್ತಿದ್ದರು. ಅಜ್ಜಿ ಮಜ್ಜಿಗೆ ಕಡೆದ ಹಾಗೆಯೇ. ಕನ್ನಡದಲ್ಲಿ ಎರಡಕ್ಕೂ ‘ಕಡೆಯುವುದು’ ಎಂಬ ಒಂದೇ ಮಾತಿರುವುದು ಎಷ್ಟು ಸರಿಯಾಗಿದೆ! ಹಾಗೆ ಎಳೆದಾಗ ಮರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತದೆ. ಉಳಿ ಕೊಯ್ಯುವುದು ಒಂದೇ ಕಡೆಗೆ ತಿರುಗುವಾಗ ಮಾತ್ರ. ಅರ್ಧ ಶ್ರಮ ವ್ಯರ್ಥ. ಮೋಟಾರು ಬಂದಾಗ ಉಳಿದದ್ದು ಕೈಯ ಕಸುವಷ್ಟೇ ಅಲ್ಲ ಎಂಬುದನ್ನು ಏಳು ವರ್ಷದ ಮಗುವಿಗೂ ತೋರಿಸಿ ತಿಳಿಸಬಹುದು.

ಮರ ಹಾಲೆಯದು, ಊರಿನವರ ಬಾಯಲ್ಲಿ ಆಲೆ ಮರ. ಬಿಳುಪು, ನುಣುಪು, ಉಳಿಗೆ ಮೃದು. ಕಡಿದ ಕೂಡಲೇ ಕೆಲಸಕ್ಕೆ ಬಾರದು, ತಿಂಗಳುಗಟ್ಟಲೆ ಒಣಗಬೇಕು. ಹಸಿ ಮರದಲ್ಲಿ ಮಾಡಿದ ಚೆಂಡು ಆಮೇಲೆ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಈ ವಿದ್ಯೆಯನ್ನು ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದಿಂದ ಬಂದವರು ಕಲಿಸಿದರೆಂದು ಊರಿನಲ್ಲಿ ಹೇಳುವುದುಂಟು.

ಮಕ್ಕಳು ಕಣ್ಣರಳಿಸುವುದು ಬಣ್ಣ ಹಚ್ಚುವಾಗ. ಅಲ್ಲಿ ಕುಂಚವೂ ಇಲ್ಲ, ಡಬ್ಬಿಯೂ ಇಲ್ಲ. ಬಣ್ಣ ಸೇರಿಸಿ ನಾದಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದಿಂದ ಕಾವು ಹುಟ್ಟುತ್ತದೆ. ಮರ ಕಾವನ್ನು ಒಳಕ್ಕೆ ಬೇಗ ಬಿಟ್ಟುಕೊಳ್ಳದೆ ಮೇಲೆಯೇ ಉಳಿಸುವುದರಿಂದ ಗಟ್ಟಿ ಕಡ್ಡಿ ಕರಗಿ ಮರಕ್ಕೆ ಅಂಟುತ್ತದೆ. ಪಾಂಡವರ ಅರಗಿನ ಮನೆಯ ಅರಗು ಇದೇ, ಮರದ ರೆಂಬೆಗಳ ಮೇಲೆ ಒಂದು ಸಣ್ಣ ಕೀಟ ಒಸರಿಸುವ ಅಂಟು. ಕೊನೆಗೆ ಒಂದು ಒಣ ಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಘರ್ಷಣೆಯಿಂದ ಶಾಖ ಉಂಟಾಗುತ್ತದೆ ಎಂದು ಪುಸ್ತಕದಲ್ಲಿ ಓದಿ ಎರಡು ಅಂಕ ಗಳಿಸಿದ ಹುಡುಗ, ಅದೇ ಶಾಖದಿಂದ ಒಂದು ಕೆಂಪು ಹಕ್ಕಿ ಹೊಳೆಯುವುದನ್ನು ಇಲ್ಲಿ ಕಾಣುತ್ತಾನೆ. ಇದರಲ್ಲಿ ವಿಜ್ಞಾನ ಎಲ್ಲಿ ಮುಗಿಯಿತು, ಚಿತ್ರಕಲೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆ ಕೆಲಸಗಾರನಿಗೆ ಹೇಳಿದರೆ ಅವನು ನಕ್ಕಾನು. ಗೆರೆ ಎಳೆದಿರುವುದು ನಮ್ಮ ವೇಳಾಪಟ್ಟಿಗಳು. ಅದರಲ್ಲೂ ಚಿತ್ರಕಲೆಯ ಅವಧಿ ಪರೀಕ್ಷೆ ಹತ್ತಿರವಾದಂತೆ ಗಣಿತದ ಪಾಲಾಗುತ್ತದೆ.

ಗಣಿತವೂ ಇಲ್ಲಿದೆ. ಲೇತ್ ಮಾಡಿಕೊಡುವುದು ದುಂಡನೆಯದನ್ನು ಮಾತ್ರ: ಗೋಳ, ಉರುಳೆ, ಶಂಕು, ಬಳೆ. ಹಾಗಾದರೆ ಆನೆ ಹೇಗೆ? ಈ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸುಮ್ಮನಿರಬೇಕು. ಹೊಟ್ಟೆಗೆ ಮೊಟ್ಟೆಯಾಕಾರ, ಕಾಲಿಗೆ ನಾಲ್ಕು ಉರುಳೆ, ಸೊಂಡಿಲಿಗೆ? ಅಲ್ಲಿ ಜಗಳ ಹತ್ತುತ್ತದೆ. ಜಗಳ ಹತ್ತಲಿ. ಜರ್ಮನಿಯ ಫ್ರೆಡರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಕೆಲಸ ಆರಂಭಿಸಿ, ಮುಂದೆ ಅದನ್ನೇ ‘ಕಿಂಡರ್‌ಗಾರ್ಟನ್’ ಎಂದು ಕರೆದ. ಅವನು ಮಕ್ಕಳ ಕೈಗೆ ಕೊಟ್ಟ ಸಾಮಾನುಗಳಲ್ಲಿ ಮರದ ಗೋಳ, ಉರುಳೆ, ಘನ ಈ ಮೂರು ಮುಖ್ಯ. ಘನವನ್ನು ದಾರಕ್ಕೆ ಕಟ್ಟಿ ಜೋರಾಗಿ ತಿರುಗಿಸಿದರೆ ಅದರೊಳಗೆ ಉರುಳೆ ಕಾಣಿಸುತ್ತದೆ! ಇಂದು ‘ಕೆ.ಜಿ.’ ಎಂಬ ಹೆಸರು ಮಾತ್ರ ಉಳಿದು, ಮೂರೂವರೆ ವರ್ಷದ ಮಗು ಅಕ್ಷರ ತಿದ್ದುತ್ತ ಕೂತಿರುತ್ತದೆ.

ಇನ್ನೊಂದು ಬೆರಗು ಬುಗುರಿಯದು. ಹಳದಿ ಅರಗನ್ನೂ ನೀಲಿ ಅರಗನ್ನೂ ಸೇರಿಸಿ ನಾದಿದರೆ ಹಸಿರು ಸಿಗುತ್ತದೆ. ಹಾಗಾದರೆ ಬುಗುರಿಯ ತಟ್ಟೆಗೆ ಅರ್ಧ ಹಳದಿ, ಅರ್ಧ ನೀಲಿ ಹಚ್ಚಿ ತಿರುಗಿಸಿದರೆ? ಹಸಿರು ಎಂದು ಎಲ್ಲರೂ ಕೂಗುತ್ತಾರೆ, ದೊಡ್ಡವರೂ. ತಿರುಗಿಸಿ ನೋಡಿದರೆ ಕಾಣುವುದು ಬೂದು. ನಾದಿದಾಗ ಎರಡು ಬಣ್ಣಗಳೂ ಬೆಳಕಿನಲ್ಲಿ ತಮ್ಮ ತಮ್ಮ ಪಾಲನ್ನು ನುಂಗಿ, ಇಬ್ಬರೂ ಬಿಟ್ಟದ್ದಷ್ಟೇ ಹಸಿರಾಗಿ ಹೊರಬರುತ್ತದೆ. ತಿರುಗುವಾಗ ಹಾಗಲ್ಲ, ಹಳದಿ ಬೆಳಕೂ ನೀಲಿ ಬೆಳಕೂ ಬೇರೆಬೇರೆಯಾಗಿಯೇ ಬಂದು ಕಣ್ಣಿನಲ್ಲಿ ಬೆರೆಯುತ್ತವೆ. ಇದಕ್ಕೆ ಚನ್ನಪಟ್ಟಣಕ್ಕೇ ಹೋಗಬೇಕೆಂದಿಲ್ಲ. ರಟ್ಟಿನ ಬಿಲ್ಲೆಯ ನಡುವೆ ಬೆಂಕಿಕಡ್ಡಿ ಚುಚ್ಚಿದರೂ ಆಯಿತು. ಆದರೆ ಉತ್ತರವನ್ನು ಅಪ್ಪ ಮೊದಲೇ ಹೇಳಿಬಿಟ್ಟರೆ ಆಟವೂ ಹೋಯಿತು, ಪಾಠವೂ ಹೋಯಿತು.

ಊರಿನ ಬೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿ ವರ್ಷಗಳಾದವು. ಅದರಿಂದ ಹೆಸರಿಗೆ ಕಾವಲಾಯಿತು. ಕೈಗೆ ಕಾವಲು ಬೇರೆಯೇ ಬೇಕು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಜೊತೆ ಪೈಪೋಟಿ ಸುಲಭವಲ್ಲ. ಮನೆಯ ಹುಡುಗರು ಈ ಕಸುಬಿಗೆ ಬರುವುದೂ ಕಡಿಮೆ. ಲೇತಿನ ಮುಂದೆ ಕೂತು ಕಲಿತ ಕೈ ಕೆಲಸ ಬಿಟ್ಟರೆ, ಮಕ್ಕಳಿಗೆ ತೋರಿಸಲು ಉಳಿಯುವುದು ಅಂಗಡಿಯ ಕಪಾಟು ಮಾತ್ರ.

ಬಸ್ಸಿಗೆ ಹೆದ್ದಾರಿ ಬೇಕಿದ್ದರೆ ರೈಲಿದೆ. ಬೆಂಗಳೂರು–ಮೈಸೂರು ನಡುವಿನ ಪ್ಯಾಸೆಂಜರ್ ಗಾಡಿಗಳು ಚನ್ನಪಟ್ಟಣದಲ್ಲಿ ನಿಲ್ಲುತ್ತವೆ. ಮೊದಲೇ ಹೇಳಿ, ಹತ್ತು ಹದಿನೈದು ಮಕ್ಕಳನ್ನಷ್ಟೇ ಕರೆದೊಯ್ಯುವುದು ಒಳ್ಳೆಯದು. ಕೋಣೆಗಳು ಚಿಕ್ಕವು, ಯಂತ್ರದ ಹತ್ತಿರ ಸಡಿಲ ಅಂಗಿ, ಬಿಚ್ಚಿದ ಜಡೆ ಅಪಾಯ. ಬರುವಾಗ ಬಣ್ಣದ ಬೊಂಬೆಯ ಜೊತೆಗೆ, ಬಣ್ಣ ಹಚ್ಚದ ನಾಲ್ಕು ದುಂಡು ತುಂಡುಗಳನ್ನೂ ಕೇಳಿ, ಅದಕ್ಕೂ ಬೆಲೆ ಕೊಟ್ಟು ತರಬೇಕು. ಮನೆಗೆ ಬಂದ ಮೇಲೆ ಆನೆಯ ಸೊಂಡಿಲಿನ ಜಗಳ ಮತ್ತೆ ಶುರುವಾಗುತ್ತದೆ.